ಬಾಬಾರ ಸೂಜಿಗೆ ಮುಹೂರ್ತ

‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂಬ ಗಾದೆ ಯಾರನ್ನು ನೋಡಿ ಹುಟ್ಟಿತೋ ಗೊತ್ತಿಲ್ಲ. ನನ್ನ ಹೆಂಡತಿ ದಾರ್ಯಾಳನ್ನು ಕೇಳಿದರೆ ಅವಳು ಬಾಯಿ ಬಿಟ್ಟು ಉತ್ತರ ಹೇಳುವುದಿಲ್ಲ. ಕೈಯಲ್ಲಿರುವ ಸೌಟನ್ನು ನನ್ನ ಕಡೆ ತಿರುಗಿಸುತ್ತಾಳೆ, ಅಷ್ಟೆ.

ಊರಿಗೆ ನಾನು ಮಾಡುವ ಉಪಕಾರ ಏನೆಂದರೆ, ಯಾವ ಮಗುವಿಗೆ ಯಾವ ಲಸಿಕೆ ಯಾವಾಗ ಹಾಕಬೇಕು ಎಂಬುದನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಬರೆದುಕೊಡುವುದು. ಮೊದಲ ಡೋಸಿಗೆ ಕನಿಷ್ಠ ವಯಸ್ಸೆಷ್ಟು, ಎರಡನೆಯದಕ್ಕೆ ಅಂತರವೆಷ್ಟು, ಒಂದು ತಪ್ಪಿದರೆ ಮುಂದೇನು, ಎಲ್ಲಕ್ಕೂ ನಿಯಮ. ದಾದಿ ಒಂದು ಗುಂಡಿ ಒತ್ತಿದರೆ ಪರದೆಯ ಮೇಲೆ ಹಸಿರು, ಹಳದಿ, ಕೆಂಪು ಬರುತ್ತದಲ್ಲ, ಆ ಬಣ್ಣಗಳ ಹಿಂದೆ ಕೂತ ವಿಧಾತ ನಾನೇ. ಎರಡು ಪ್ರಾಂತ್ಯಗಳ ಕೂಸುಗಳು ನನ್ನ ಅಪ್ಪಣೆಯಾದ ಮೇಲೆಯೇ ‘ಕಿಟಾರ್’ ಎಂದು ಕಿರುಚುವುದು. ಮನೆಯಲ್ಲಿ ಮಾತ್ರ ಕಸ ಹೊರಗಿಡುವ ದಿನ ಯಾವುದು ಎಂದು ಹೇಳುವ ಅಧಿಕಾರವೂ ನನಗಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಮಹಾವಾಕ್ಯವಿದೆ: ಅವಸರ ಅಸಿಂಧು, ತಡ ಸಿಂಧು. ಹಾಕಬೇಕಾದ ದಿನಕ್ಕಿಂತ ಮುಂಚೆ ಹಾಕಿದ ಡೋಸು ಲೆಕ್ಕಕ್ಕಿಲ್ಲ, ಮತ್ತೆ ಹಾಕಬೇಕು (ನಾಲ್ಕು ದಿನ ಮುಂಚೆಯಾದರೆ ಮಾಫಿ, ನಾವೇನು ಕಟುಕರಲ್ಲ). ತಡವಾದರೆ ಮಾತ್ರ ಏನೂ ಕೆಡುವುದಿಲ್ಲ. ತಿಂಗಳು ಕಳೆಯಲಿ, ವರ್ಷ ಕಳೆಯಲಿ, ಬಿಟ್ಟಲ್ಲಿಂದ ಮುಂದುವರಿಸಬಹುದು. ಈ ವಾಕ್ಯ ಬರೆದೂ ಬರೆದೂ ಅದು ನನ್ನ ರಕ್ತಕ್ಕೇ ಇಳಿದುಬಿಟ್ಟಿದೆ. ಹಲ್ಲಿನ ಡಾಕ್ಟರು, ತೆರಿಗೆ, ಮದುವೆಯ ವಾರ್ಷಿಕೋತ್ಸವ, ಯಾವುದಕ್ಕೂ ನಾನು ಮುಂಚೆ ಹೋದವನಲ್ಲ. ಮನೆಮುಂದಿನ ಹಿಮವನ್ನೂ ನಿಧಾನವಾಗಿಯೇ ಗೋರುತ್ತೇನೆ, ಏಕೆಂದರೆ ಏಪ್ರಿಲಿನಲ್ಲಿ ಅದು ಹೇಗೂ ಕರಗುತ್ತದೆ. “ನೀನು ಸಾಯೋದಕ್ಕೂ ತಡವಾಗೇ ಹೋಗ್ತೀಯ, ಅಲ್ಲಿಯವರೆಗೂ ನಾನು ಬದುಕಿರಬೇಕಲ್ಲ,” ಎನ್ನುವುದು ದಾರ್ಯಾಳ ನಿತ್ಯದ ದುಃಖ.

ಈಗ ಬಾಬಾ ವಿಷಯಕ್ಕೆ ಬರೋಣ. ಬಾಬಾ ಎಂದರೆ ದಾರ್ಯಾಳ ತಾಯಿ, ನನ್ನ ಅತ್ತೆ. (ಬಾಬಾ ಎಂದೊಡನೆ ನೀವು ಗಡ್ಡ, ಕಾವಿ, ವಿಭೂತಿ ನೆನೆಸಿಕೊಳ್ಳಬೇಡಿ. ನಮ್ಮ ಉಕ್ರೇನಿಯನ್ನರಲ್ಲಿ ಅಜ್ಜಿಯೇ ಬಾಬಾ. ಅಪ್ಪನಿಗೆ ‘ತಾತೋ’. ನನ್ನ ಮಗಳು ನತಾಲ್ಕಾ ತೊದಲು ಮಾತಿನಲ್ಲೇ ನನ್ನನ್ನು ತಾತನನ್ನಾಗಿ ಮಾಡಿದಳು. ಅವಸರದ ಬಡ್ತಿ, ನಮ್ಮ ನಿಯಮದಂತೆ ಅಸಿಂಧು.) ತೊಂಬತ್ತೊಂದರ ಬಾಬಾ ವಿನ್ನಿಪೆಗ್ಗಿನ ನಮ್ಮ ಮನೆಯಲ್ಲೇ, ಅಡುಗೆಮನೆಯ ಪಕ್ಕದ ಕೋಣೆಯಲ್ಲಿದ್ದರು. ಕಳೆದ ಶರತ್ಕಾಲದಿಂದ ಅವರ ಹೃದಯ ಸೋಲುತ್ತ ಬಂದಿತ್ತು. ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ. ಮಂಚದಿಂದ ಕುರ್ಚಿಗೆ ಬರುವಷ್ಟರಲ್ಲಿ ಏದುಸಿರು. ಡಾಕ್ಟರು ನಮ್ಮನ್ನು ಹೊರಗೆ ಕರೆದು, “ಇಷ್ಟವಾದದ್ದು ತಿನ್ನಲಿ ಬಿಡಿ,” ಎಂದಿದ್ದರು. ಆ ಮಾತಿನ ಅರ್ಥ ಎಲ್ಲ ಭಾಷೆಯಲ್ಲೂ ಒಂದೇ.

ಬಾಬಾಗೆ ಇಷ್ಟವಾದದ್ದು ತಿನ್ನುವ ವಸ್ತುವಾಗಿರಲಿಲ್ಲ. ನತಾಲ್ಕಾ ಬಸುರಿ. ಮರಿಮಗುವನ್ನು ಎತ್ತಿಕೊಂಡು ಹೋಗಬೇಕು, ಇದೊಂದೇ ಅವರ ಆಸೆ. ನಮ್ಮ ಬಳಗದಲ್ಲಿ ಹುಟ್ಟಿದ ಕೂಸುಗಳೆಲ್ಲ ಬಾಬಾರ ತೊಡೆ ಹತ್ತಿಯೇ ಬೆಳೆದವು. ಅವರು ಕೂಸನ್ನು ಎತ್ತಿ, ಅದರ ಹೆಗಲಾಚೆ ‘ಥೂ ಥೂ ಥೂ’ ಎಂದು ಮೂರು ಸಲ ಉಗುಳಿದರೆ ಆಯಿತು, ಯಾರ ಕಣ್ಣೂ ತಾಗುವುದಿಲ್ಲ. ನತಾಲ್ಕಾಗೂ ಹಾಗೇ ಉಗುಳಿದ್ದರು. ಈಗ ಅವಳ ಕೂಸಿಗೂ ಅದಾಗಬೇಕಿತ್ತು.

ನನ್ನ ದೃಷ್ಟಿಗೆ ಮಾತ್ರ ಆ ಉಗುಳಿನಲ್ಲಿ ಹನಿಗಳು ಕಂಡವು, ಹನಿಗಳಲ್ಲಿ ಕ್ರಿಮಿಗಳು ಕಂಡವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ಬೇರೆ ಜನ. ನಾನು ಕೂಸು ಹುಟ್ಟುವ ಮುಂಚೆ ಬಣ್ಣಬಣ್ಣದ ಒಂದು ವೇಳಾಪಟ್ಟಿ ಅಚ್ಚುಹಾಕಿಸಿ, ನವೆಂಬರಿನ ಒಂದು ಭಾನುವಾರ ಊಟದ ಮೇಜಿನ ಮೇಲೆ ಹರಡಿದೆ. ನತಾಲ್ಕಾ, ಅವಳ ಗಂಡ ಗ್ರಾಂಟ್, ದಾರ್ಯಾ, ಬಾಬಾ ಎಲ್ಲರೂ ಇದ್ದರು. ಬೋರ್ಷ್ ಎಂಬ ನಮ್ಮ ಬೀಟ್ರೂಟ್ ಸಾರು ಆರುತ್ತಿತ್ತು.

“ಮಗೂನ ಎತ್ತಿಕೊಳ್ಳೋರೆಲ್ಲ ನಾಯಿಕೆಮ್ಮಿನ ಸೂಜಿ ಹಾಕಿಸಿಕೊಂಡಿರಬೇಕು,” ಎಂದೆ.

“ಯಾವ ಕೆಮ್ಮು?” ಬಾಬಾ ಕಿವಿಗೆ ಕೈ ಹಿಡಿದರು.

“ನಾಯಿಕೆಮ್ಮು, ಬಾಬಾ.”

“ನಮ್ಮನೇಲಿ ನಾಯೀನೇ ಇಲ್ವಲ್ಲೋ.”

“ನಾಯಿ ಬೇಕಾಗಿಲ್ಲ. ಮನುಷ್ಯರಿಂದಾನೇ ಬರುತ್ತೆ.”

“ಹಾಗಾದ್ರೆ ನಾಯಿಗೂ ಮನುಷ್ಯನಿಗೂ ಸೇರಿ ಇವನಿದಾನೆ,” ಎಂದು ದಾರ್ಯಾ ಬ್ರೆಡ್ಡು ಕೊಯ್ಯುತ್ತ ಹೇಳಿದಳು. ಗ್ರಾಂಟ್ ನಕ್ಕ. ಅವನು ಒಳ್ಳೆಯ ಹುಡುಗ, ಆದರೆ ಯಾವಾಗ ನಗಬೇಕೆಂಬ ಅಂತರ ಅವನಿಗೆ ತಿಳಿಯದು.

“ಬಾಬಾ, ನಿಮಗೆ ಚಿಕ್ಕವರಿದ್ದಾಗ ಸೂಜಿ ಹಾಕಿದ್ರಾ?” ಎಂದು ಕೇಳಿದೆ.

“ಗೊತ್ತಿಲ್ಲಪ್ಪ. ಯುದ್ಧದಲ್ಲಿ ಸಿಕ್ಕಿದ್ದರಲ್ಲೆಲ್ಲ ಚುಚ್ಚಿದ್ರು. ಅದರಲ್ಲಿ ಔಷಧಿ ಯಾವುದು ಅಂತ ಯಾರು ಕೇಳ್ತಾ ಕೂತಿದ್ರು?”

ನಮ್ಮ ಕಸುಬಿನ ಎರಡನೆಯ ಮಹಾವಾಕ್ಯ: ದಾಖಲೆ ಇಲ್ಲದ ಸೂಜಿ ಚುಚ್ಚದ ಸೂಜಿ. ಹಾಗಾಗಿ ಲ್ಯಾಪ್‌ಟಾಪಿನಲ್ಲಿದ್ದ ನಿಯಮಗಳ ಲೆಕ್ಕ ಹಾಕುವ ನನ್ನ ಗಣಕ ಮಾದರಿಗೆ ಬಾಬಾರನ್ನು ‘ಶೂನ್ಯ ಡೋಸು’ ಎಂದು ಕೊಟ್ಟೆ. ಅದು ನಿಷ್ಪಕ್ಷಪಾತಿ. ತೊಂಬತ್ತೊಂದು ವರ್ಷದ ಮುದುಕಿಯನ್ನೂ ಈಗ ತಾನೆ ಹಡಗಿನಿಂದಿಳಿದ ಅನಾಥ ಶಿಶುವಿನಂತೆ ಎತ್ತಿಕೊಂಡು, ಮೂರು ಡೋಸಿನ ಪೂರ್ತಿ ಸರಣಿ ಹಾಕಿಕೊಟ್ಟಿತು. ಮೊದಲನೆಯದು ಈಗ, ಎರಡನೆಯದು ತಿಂಗಳಿಗೆ, ಮೂರನೆಯದು ಅದಾದ ಹಲವು ತಿಂಗಳಿಗೆ.

“ಬರೋ ಸೆಪ್ಟೆಂಬರಿಗೆ ಬಾಬಾ ಪೂರ್ತಿ ಸಿದ್ಧ,” ಎಂದು ಸಂತೋಷದಿಂದ ಘೋಷಿಸಿದೆ.

“ಹೌದಪ್ಪ. ಅಷ್ಟೊತ್ತಿಗೆ ನಾನು ಪೂರ್ತಿ ಸಿದ್ಧವೇ,” ಎಂದರು ಬಾಬಾ.

ದಾರ್ಯಾ ಚಾಕು ಕೆಳಗಿಟ್ಟು, ನನ್ನನ್ನು ತೋಳು ಹಿಡಿದು ಉಗ್ರಾಣಕ್ಕೆ ಎಳೆದುಕೊಂಡು ಹೋಗಿ, ಉಪ್ಪಿನಕಾಯಿ ಜಾಡಿಗಳ ನಡುವೆ ನಿಲ್ಲಿಸಿದಳು.

“ಅಮ್ಮನಿಗೆ ಈ ಚಳಿಗಾಲ ದಾಟೋದೇ ಅನುಮಾನ. ಸೆಪ್ಟೆಂಬರಂತೆ! ನಿನ್ನ ತಲೇಲಿ ಇರೋದು ಮಿದುಳೋ, ಗೋಡೆ ಕ್ಯಾಲೆಂಡರೋ?”

“ನಿಯಮ ಹಾಗಿದೆ, ದಾರ್ಯಾ.”

“ನಿಯಮ ಬರೆದವನು ಯಾರು?”

“ಬರೆದವನು ನಾನು. ಮಾಡಿದೋರು ತಜ್ಞರು.”

“ತಜ್ಞರಿಗೆ ನಾಳೆ ಬೋರ್ಷ್ ಯಾರು ಹಾಕ್ತಾರೋ ನಿನಗೂ ಅವರೇ ಹಾಕ್ಲಿ.”

ನಾನು ಸೆಪ್ಟೆಂಬರಿನಿಂದ ಇಳಿದೆ. ಒಂದೇ ಒಂದು ಸೂಜಿ, ಅದು ಮೈಗೆ ಹತ್ತಲು ಹದಿನಾಲ್ಕು ದಿನ, ಆಮೇಲೆ ಎತ್ತಿಕೊಳ್ಳಬಹುದು ಎಂದು ರಾಜಿಯಾಯಿತು. “ಹಾಗಾದ್ರೆ ನಾಳೆನೇ ಹಾಕಿಸ್ತೀನಿ,” ಎಂದಳು. ಅಲ್ಲಿ ನಾನು ಸುಮ್ಮನಿರಬೇಕಿತ್ತು. ಹೆರಿಗೆ ಜನವರಿ ಎರಡನೇ ವಾರ, ಹಿಂದಕ್ಕೆ ಲೆಕ್ಕ ಹಾಕಿದರೆ ಶಿಫಾರಸಿನ ತಾರೀಖು ಡಿಸೆಂಬರ್ ಇಪ್ಪತ್ತೆರಡು, ಈಗಷ್ಟೇ ಮಾತ್ರೆ ಬದಲಾಯಿಸಿದ್ದಾರೆ, ಬಾಬಾ ಸ್ವಲ್ಪ ಸುಧಾರಿಸಿಕೊಳ್ಳಲಿ, ಅವಸರವೇಕೆ ಎಂದು ಉಪನ್ಯಾಸ ಕೊಟ್ಟೆ. ಪುರೋಹಿತರು ಲಗ್ನಕ್ಕೆ ಮುಹೂರ್ತ ಇಡುವಂತೆ ಬಾಬಾರ ಸೂಜಿಗೆ ನಾನು ಮುಹೂರ್ತ ಇಟ್ಟೆ. ಮೇಜಿಗೆ ಮರಳಿದಾಗ ನತಾಲ್ಕಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ತಾತೋ ಹೂಂ ಅನ್ನೋವರೆಗೂ ಮಗೂನ ಯಾರ ಕೈಗೂ ಕೊಡಲ್ಲ,” ಎಂದಳು. ಜಗತ್ತಿನಲ್ಲಿ ನನ್ನ ಮಾತನ್ನು ಪೂರ್ತಿ ನಂಬುವ ಒಂದೇ ಜೀವ ಅದು. ನನಗೆ ಎದೆ ಉಬ್ಬಿತು.

ಮೊಮ್ಮಗ ಮಾರ್ಕಿಯನ್ ಡಿಸೆಂಬರ್ ಹದಿನೇಳಕ್ಕೇ ಹುಟ್ಟಿಬಿಟ್ಟ.

ಅವನು ಯಾವ ನಿಯಮವನ್ನೂ ಓದಿರಲಿಲ್ಲ. ತಾಯಿ, ಮಗು ಚೆನ್ನಾಗಿದ್ದರು. ದಾರ್ಯಾ ಆಸ್ಪತ್ರೆಯಿಂದ ಬಂದು ಕೋಟು ಬಿಚ್ಚದೆ ನನ್ನೆದುರು ನಿಂತಳು.

“ಅಮ್ಮ ಕೇಳ್ತಿದಾರೆ, ಯಾವಾಗ ಎತ್ತಿಕೊಳ್ಳಲಿ ಅಂತ. ಏನು ಹೇಳ್ಲಿ? ನನ್ನ ಗಂಡ ಮುಹೂರ್ತ ಇಟ್ಟಿದ್ದ, ಮಗು ಅದಕ್ಕೂ ಮುಂಚೆ ಬಂತು ಅಂತಲಾ?”

“ಮಗು ಅವಸರ ಮಾಡಿದ್ದಕ್ಕೆ ನಾನೇನು ಮಾಡ್ಲಿ?”

“ನವೆಂಬರಿನಲ್ಲೇ ಹಾಕಿಸಿದ್ರೆ ಇವತ್ತು ಅಮ್ಮ ಎತ್ತಿಕೊಳ್ತಿದ್ರು! ಇವತ್ತು!”

ಆಮೇಲೆ ಅವಳು ನನ್ನೊಡನೆ ಮಾತು ಬಿಟ್ಟಳು. ಹತ್ತೊಂಬತ್ತಕ್ಕೆ ನಾನು ಪಕ್ಕದ ಪ್ರಾಂತ್ಯದ ರೆಜೈನಾಗೆ ಹೊರಡಬೇಕಾಯಿತು. ಅಲ್ಲಿಯ ಸರ್ಕಾರಕ್ಕೆ ಹೊಸ ವರ್ಷದ ಮೊದಲ ದಿನದಿಂದ ಹೊಸ ಲಸಿಕೆ ವೇಳಾಪಟ್ಟಿ, ಅದನ್ನು ಕೂರಿಸುವ ಕೆಲಸ ನನ್ನದು. ಎರಡು ವಾರಕ್ಕೂ ಹೆಚ್ಚು ಹೋಟೆಲ್ ಕೋಣೆಯಲ್ಲಿದ್ದೆ. ದಿನಾ ಫೋನು ಮಾಡುತ್ತಿದ್ದೆ. “ಊಟ ಆಯ್ತಾ?” “ಆಯ್ತು.” “ಬಾಬಾ ಹೇಗಿದಾರೆ?” “ಇದಾರೆ.” ಇಷ್ಟೇ ಸಂಭಾಷಣೆ. ಹೊರಗೆ ಮೈನಸ್ ಮೂವತ್ತು, ಫೋನಿನಲ್ಲಿ ಅದಕ್ಕಿಂತ ಕೆಳಗೆ. ಸೂಜಿಯ ವಿಚಾರ ಕೇಳುವ ಧೈರ್ಯವಾಗಲಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬ ಇಡೀ ದಿನ ಕೆಮ್ಮುತ್ತಿದ್ದ. ಮೂಗು ಸೋರುತ್ತ, ಬಾಬಾ ಮುಗಿದೇ ಹೋದರೇನೋ ಎಂದು ಹೆದರುತ್ತ, ಜನವರಿ ಐದರ ಸಂಜೆ ಮನೆ ತಲುಪಿದೆ.

ಮರುದಿನ ನಮ್ಮ ಕ್ರಿಸ್ಮಸ್ಸಿನ (ಬಾಬಾ ಇರುವ ಮನೆಯಲ್ಲಿ ಅದು ಜನವರಿ ಏಳಕ್ಕೇ) ಹಿಂದಿನ ರಾತ್ರಿಯ ಊಟ. ಮನೆಯೆಲ್ಲ ಎಲೆಕೋಸು ಬೇಯುವ ವಾಸನೆ. ದಾರ್ಯಾ ಒಲೆಯ ಮುಂದೆ ಬೆನ್ನು ತಿರುಗಿಸಿಯೇ ಇದ್ದಳು. ನಾನು ಬಾಬಾರ ಕೋಣೆಯ ಬಾಗಿಲಲ್ಲೇ ನಿಂತೆ. ಇನ್ನಷ್ಟು ಸಣ್ಣಗಾಗಿ, ದಿಂಬುಗಳ ನಡುವೆ ಎಲ್ಲೋ ಇದ್ದರು.

“ಬಾಬಾ, ಸೂಜಿ ಆಯ್ತಾ?”

“ಆಯ್ತಪ್ಪ. ಆ ಫಿಲಿಪೀನ್ ಹುಡುಗಿ ಬಂದು ಹಾಕಿಹೋದ್ಲು. ಇರುವೆ ಕಚ್ಚಿದ ಹಾಗೆ, ಅಷ್ಟೆ.”

“ಯಾವತ್ತು?”

ಬಾಬಾ ಕಣ್ಣು ಮುಚ್ಚಿ ಯೋಚಿಸಿದರು. “ಡಿಸೆಂಬರ್ ಇಪ್ಪತ್ತು.”

ಇಪ್ಪತ್ತು! ಮುಹೂರ್ತಕ್ಕಿಂತ ಎರಡು ದಿನ ಮುಂಚೆ, ನಾಲ್ಕು ದಿನದ ಮಾಫಿಯ ಒಳಗೇ ಬಂತು. ಹದಿನಾಲ್ಕು ದಿನ ಕಳೆದು ಇನ್ನೂ ಎರಡು ದಿನ ಮಿಕ್ಕಿತ್ತು. ಮಾದರಿಗೆ ಕೊಟ್ಟೆ. ಹಸಿರು! ಜೀವಮಾನದಲ್ಲಿ ನಾನು ಎಷ್ಟೋ ಹಸಿರು ನೋಡಿದ್ದೇನೆ, ಅಂಥ ಹಸಿರು ನೋಡಿರಲಿಲ್ಲ. ನತಾಲ್ಕಾಗೆ ಫೋನು ಮಾಡಿ, “ಹೂಂ. ಬಾಬಾ ಎತ್ತಿಕೊಳ್ಳಬಹುದು,” ಎಂದೆ. ಅವಳು ಆ ಕಡೆ ಅತ್ತುಬಿಟ್ಟಳು. ಒಲೆಯ ಮುಂದೆ ದಾರ್ಯಾಳ ಸೌಟು ಒಂದು ಕ್ಷಣ ನಿಂತು ಮತ್ತೆ ತಿರುಗತೊಡಗಿತು.

ಆರನೇ ತಾರೀಖು ಮೊದಲ ನಕ್ಷತ್ರ ಕಂಡಮೇಲೆ ಊಟಕ್ಕೆ ಕೂತೆವು. ಹನ್ನೆರಡು ಬಗೆ. ಮೊದಲು ಗೋಧಿ, ಜೇನು, ಗಸಗಸೆಯ ಕುತ್ಯಾ. ಮೇಜಿನ ಕೊನೆಯಲ್ಲಿ ಸತ್ತವರಿಗೆಂದು ಇಡುವ ಖಾಲಿ ತಟ್ಟೆ. ಬಾಬಾ ಅದನ್ನು ಅಂಗಡಿಯಲ್ಲಿ ಸೀರೆ ನೋಡುವವರ ಹಾಗೆ ನೋಡಿ, “ಮುಂದಿನ ವರ್ಷ ನಂಗೆ ಆ ಅಂಚು ಒಡೆದಿರೋದನ್ನ ಇಡಬೇಡಿ, ನೀಲಿ ಹೂವಿಂದು ಇಡಿ,” ಎಂದರು. ದಾರ್ಯಾ ಉಪ್ಪು ತರುವ ನೆಪದಲ್ಲಿ ಎದ್ದುಹೋದಳು, ಬಹಳ ಹೊತ್ತು ಬರಲಿಲ್ಲ. ಆಮೇಲೆ ನತಾಲ್ಕಾ ಮಗುವನ್ನು ಬಾಬಾರ ತೊಡೆಯ ಮೇಲಿಟ್ಟಳು. ಗ್ರಾಂಟ್ ಕೆಳಗಿನಿಂದ ಆಸರೆ ಕೊಟ್ಟಿದ್ದ. ಬಾಬಾ ಕೂಸಿನ ಹಣೆ ಮೂಸಿ, ಅದರ ಹೆಗಲಾಚೆ ಮೂರು ಸಲ ಉಗುಳಿದರು. ಉಸಿರು ಸಾಲದೆ ಮೂರನೆಯದು ಬರಿ ಗಾಳಿ. ನಾನು ನೆಗಡಿಯವನೆಂದು ಮೇಜಿನ ಆ ತುದಿಯಲ್ಲಿ ದೂರ ಕೂತಿದ್ದೆ. ಎಲ್ಲ ನನ್ನ ನಿಯಮದಂತೆಯೇ ನಡೆಯಿತಲ್ಲ ಎಂಬ ಹೆಮ್ಮೆ ಒಂದು ಕಡೆ, ಈ ಮುದುಕಿ ಇನ್ನೆಷ್ಟು ದಿನ ಎಂಬ ಸಂಕಟ ಇನ್ನೊಂದು ಕಡೆ.

ಹೆಮ್ಮೆಯ ಆಯಸ್ಸು ಎರಡು ದಿನ. ಎಂಟನೇ ತಾರೀಖು ನತಾಲ್ಕಾ ಮಗುವನ್ನು ಎತ್ತಿಕೊಂಡು ಮತ್ತೆ ಬಂದಿದ್ದಳು, ಬಾಬಾರ ಕೋಣೆಯಲ್ಲಿದ್ದಳು. ನಾನು ಹಜಾರದಲ್ಲಿ ಮೂಗು ಒರೆಸಿಕೊಳ್ಳುತ್ತ ಕೂತಿದ್ದಾಗ ಫೋನು ಬಂತು. ಬಾಬಾಗೆ ಸೂಜಿ ಹಾಕಿದ ದಾದಿ ಮಾರಿಸೆಲ್.

“ಅಜ್ಜಿ ತೋಳು ಹೇಗಿದೆ? ಊತ ಏನಾದ್ರೂ ಇದೆಯಾ? ರಜೆ ಮುಗಿಸಿ ಬಂದವಳು ಎರಡನೇ ತಾರೀಕು ಮೊದಲು ನಿಮ್ಮನೆಗೇ ಬಂದದ್ದು,” ಎಂದಳು.

“ಎರಡನೇ ತಾರೀಕು? ಇಪ್ಪತ್ತಕ್ಕೆ ಬಂದಿದ್ರಲ್ಲ?”

“ಇಪ್ಪತ್ತಕ್ಕೆ ನಾನು ಮನಿಲಾದಲ್ಲಿದ್ದೆ ಸಾರ್.”

ಎರಡು ತಾರೀಖು ಕಂಡರೆ ನಮ್ಮ ಕಸುಬಿನವನ ತಲೆಗೆ ಹೊಳೆಯುವುದು ಒಂದೇ: ಎರಡು ಡೋಸು. ಇಪ್ಪತ್ತಕ್ಕೆ ಬೇರಾರೋ ಬಂದು ಚುಚ್ಚಿದ್ದಾರೆ, ಎರಡಕ್ಕೆ ಇವಳು ಮತ್ತೆ ಚುಚ್ಚಿದ್ದಾಳೆ. ನಡುವೆ ಬರೀ ಹದಿಮೂರು ದಿನ. ಕನಿಷ್ಠ ಅಂತರವೇ ಇಲ್ಲ! ಫೋನು ಇಟ್ಟವನೇ ಬಾಬಾರ ಕೋಣೆಯ ಬಾಗಿಲಿಗೆ ಹೋಗಿ ಕೂಗಾಡಿದೆ.

“ಯಾರ ಕೆಲಸ ಇದು? ತೊಂಬತ್ತೊಂದು ವರ್ಷದವರಿಗೆ ಹದಿಮೂರು ದಿನದಲ್ಲಿ ಎರಡು ಸಲ ಚುಚ್ಚೋದಾ? ಎರಡನೇ ಡೋಸು ಅಸಿಂಧು!”

“ಏನೋ ಅದು? ಇರೋದು ಒಂದೇ ತೂತು ಕಣೋ, ನೋಡು,” ಎಂದು ಬಾಬಾ ತೋಳು ಮೇಲೆತ್ತಲು ಹೋದರು. ಮಡಿಲಲ್ಲಿ ಮಗು ಮಲಗಿತ್ತು.

“ಹಾಗಾದ್ರೆ ಇಪ್ಪತ್ತು ಅಂದ್ರಲ್ಲ ಬಾಬಾ!”

“ಇಪ್ಪತ್ತೇ. ಸಂತ ಇಗ್ನಾತಿಯ ಹಬ್ಬದ ದಿನ. ತೊಂಬತ್ತು ವರ್ಷದಿಂದ ಡಿಸೆಂಬರ್ ಇಪ್ಪತ್ತಕ್ಕೇ ಬರ್ತಿದಾನೆ ಅವನು, ಈ ವರ್ಷ ಮಾತ್ರ ಯಾಕೆ ತಪ್ಪಿಸ್ತಾನೆ?”

ಹಳೇ ಪಂಚಾಂಗ! ಚರ್ಚಿನವರೇ ಹೊಸ ಪಂಚಾಂಗಕ್ಕೆ ಹೋದರೂ ಬಾಬಾ ಹೋಗಿರಲಿಲ್ಲ. ಅವರ ಡಿಸೆಂಬರ್ ಇಪ್ಪತ್ತು ಊರಿನವರ ಜನವರಿ ಎರಡು. ವ್ಯತ್ಯಾಸ ಸರಿಯಾಗಿ ಹದಿಮೂರು ದಿನ. ಹುಟ್ಟಿದಂದಿನಿಂದ ವರ್ಷಕ್ಕೆ ಎರಡೆರಡು ಕ್ರಿಸ್ಮಸ್ ಉಂಡು ದೊಡ್ಡವನಾದ ನಾನು, ಎರಡು ಪ್ರಾಂತ್ಯಗಳ ತಾರೀಖು ಕಾಯುವ ನಾನು, ಸ್ವಂತ ಅತ್ತೆಯ ತಾರೀಖನ್ನು ಯಾವ ಪಂಚಾಂಗದ್ದೆಂದು ಕೇಳದೆ ಕಂಪ್ಯೂಟರಿಗೆ ತಿನ್ನಿಸಿದ್ದೆ. ಊಟದ ದಿನಕ್ಕೆ ಸೂಜಿಯಾಗಿ ಆಗಿದ್ದದ್ದು ನಾಲ್ಕೇ ದಿನ.

ಹಿಂದೆ ದಾರ್ಯಾ ಬಂದು ನಿಂತಿದ್ದಳು.

“ನಿನಗೆ ಗೊತ್ತಿತ್ತು!” ಎಂದೆ.

“ಗೊತ್ತಿತ್ತು. ಒಲೆ ಮುಂದೆ ನಿಂತು ಕೇಳಿಸ್ಕೊಂಡೆ. ಬಾಯಿ ತೆರೆದಿದ್ರೆ ಅಮ್ಮನ ಕೈಗೆ ಮಗು ಬರ್ತಿರಲಿಲ್ಲ. ಮದುವೆಯಾಗಿ ಮೂವತ್ತು ವರ್ಷಕ್ಕೆ ನಿನ್ನ ದಡ್ಡತನ ಒಂದು ಸಲ ಉಪಯೋಗಕ್ಕೆ ಬಂತು, ಅದನ್ಯಾಕೆ ಕೆಡಿಸ್ಲಿ ಅಂತ ಸುಮ್ಮನಿದ್ದೆ.”

“ನಾನು ಹೂಂ ಅಂದಿದ್ದು ತಪ್ಪು ಲೆಕ್ಕಕ್ಕೆ! ನತಾಲ್ಕಾ, ಮಗೂನ ತಗೋ! ಈ ಮನೇಲಿ ನಿಯಮ ಅನ್ನೋದಕ್ಕೆ ಕವಡೆ ಬೆಲೆ...” ಎನ್ನುವಷ್ಟರಲ್ಲಿ ನನಗೆ ಕೆಮ್ಮು ಬಂತು.

ನೆಗಡಿಯ ಕೆಮ್ಮಲ್ಲ ಅದು. ಒಂದರ ಹಿಂದೆ ಒಂದು, ಒಂದರ ಹಿಂದೆ ಒಂದು. ಬಾಗಿಲ ಚೌಕಟ್ಟು ಹಿಡಿದು ಬಗ್ಗಿದೆ. ಕಣ್ಣಲ್ಲಿ ನೀರು ಬಂತು. ಕೊನೆಗೆ ಉಸಿರು ಒಳಗೆಳೆದಾಗ ಗಂಟಲಿನಿಂದ ಒಂದು ಊಳು ಹೊರಟಿತು. ಅಂಥ ಸದ್ದನ್ನು ನಾನು ತರಬೇತಿಯ ಧ್ವನಿಮುದ್ರಣದಲ್ಲಿ ಮಾತ್ರ ಕೇಳಿದ್ದೆ.

ತಲೆಯೆತ್ತಿದಾಗ ನತಾಲ್ಕಾ ಮಗುವನ್ನು ಎದೆಗವಚಿಕೊಂಡು ಕಿಟಕಿಯ ಮೂಲೆಗೆ ಸರಿದಿದ್ದಳು. ಬಾಬಾ ಒಬ್ಬರೇ ಶಾಂತವಾಗಿ ನನ್ನನ್ನು ನೋಡುತ್ತಿದ್ದರು.

“ಈಗ ಗೊತ್ತಾಯ್ತು ನಾಯಿ ಎಲ್ಲಿತ್ತು ಅಂತ,” ಎಂದರು.

“ತಾತೋ, ನಿಮ್ಮ ಸೂಜಿ ಯಾವಾಗ ಹಾಕಿಸಿಕೊಂಡ್ರಿ?” ನತಾಲ್ಕಾಳ ಧ್ವನಿ ಸಣ್ಣಗಿತ್ತು.

ಉತ್ತರ ನನಗೆ ಗೊತ್ತಿತ್ತು. ಕಾಲೇಜಿನಲ್ಲಿ ಹಾಕಿಸಿಕೊಂಡಿದ್ದೆ. ಮುಂದಿನದು ಬಾಕಿ. ಬಹಳ ವರ್ಷಗಳಿಂದ ಬಾಕಿ. ಹೋದರಾಯಿತು, ಬಾಕಿಯೇನು ತಪ್ಪಲ್ಲವಲ್ಲ, ನಮ್ಮ ಪರದೆಯ ಮೇಲೆ ಅದೊಂದು ಬಣ್ಣ ಅಷ್ಟೆ.

“ತಡವಾದರೆ... ಲೆಕ್ಕದ ಪ್ರಕಾರ... ಸರಣಿ ಮುಂದುವರಿಸಬಹುದು...” ಎಂದೆ.

“ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ,” ಎಂದಳು ದಾರ್ಯಾ. ಆದರೆ ಅವಳ ದನಿಯಲ್ಲಿ ಗೆಲುವಿರಲಿಲ್ಲ. ಮಗಳ ಮುಖ ನೋಡಿ ಅವಳಿಗೂ ಭಯವಾಗಿತ್ತು.

ಕ್ಲಿನಿಕ್ಕಿನಲ್ಲಿ ಮೂಗಿನೊಳಗೆ ಕಡ್ಡಿ ತೂರಿಸಿ ನೋಡಿದರು. ನಾಯಿಕೆಮ್ಮು, ಸಾಕ್ಷಾತ್. ಐದು ದಿನ ಮಾತ್ರೆ ನುಂಗುತ್ತ ಒಬ್ಬನೇ ಇರಬೇಕು. ಉಳಿದವರಿಗೆಲ್ಲ, ಮಗುವಿಗೂ, ಮುಂಜಾಗ್ರತೆಯ ಔಷಧಿ. ನತಾಲ್ಕಾ ಬಸುರಿಯಾಗಿದ್ದಾಗಲೇ ಸೂಜಿ ಹಾಕಿಸಿಕೊಂಡಿದ್ದರಿಂದ ಮಗುವಿಗೆ ಕೊಂಚ ರಕ್ಷಣೆ ಇದೆ ಎಂದು ಡಾಕ್ಟರು ಸಮಾಧಾನ ಹೇಳಿದರು. ಯಾರಾದರೂ ಮಗುವಿನಿಂದ ದೂರ ಇರಬೇಕೆಂದರೆ ಅದು ಬಾಬಾ ಅಲ್ಲ, ನಾನು ಎಂದೂ ಹೇಳಿದರು. ದಾರ್ಯಾ ತಲೆಯಾಡಿಸಿದಳು. ಅಂದೇ ಮಧ್ಯಾಹ್ನ ಬಾಬಾರನ್ನು ಕಂಬಳಿಯಲ್ಲಿ ಸುತ್ತಿ, ಗ್ರಾಂಟನ ಕಾರಿನಲ್ಲಿ ಕೂರಿಸಿ, ತಾನೂ ಹತ್ತಿ, ನತಾಲ್ಕಾಳ ಮನೆಗೆ ಹೊರಟೇಬಿಟ್ಟಳು.

“ನಿನ್ನ ನಿಯಮವೇ ಅಲ್ವಾ?” ಎಂದಳು ಕಾರಿನ ಗಾಜು ಇಳಿಸದೆ.

ಹೀಗೆ, ಯಾರನ್ನು ಮಗುವಿನಿಂದ ದೂರ ಇಡಲು ಇಡೀ ಚಳಿಗಾಲ ಲೆಕ್ಕ ಹಾಕಿದೆನೋ ಅವರು ಮಗುವಿನ ಕೋಣೆಯಲ್ಲೇ ಹೋಗಿ ಕೂತರು. ನಾನು ಖಾಲಿ ಮನೆಯಲ್ಲಿ ಹಬ್ಬದ ಮಿಕ್ಕ ಕುತ್ಯಾ ತಿನ್ನುತ್ತ, ಕೆಮ್ಮುತ್ತ, ಗೋಡೆಯ ಮೇಲಿನ ಬಣ್ಣದ ಪಟ್ಟಿ ನೋಡುತ್ತ ಉಳಿದೆ. ಮೂರನೆಯ ದಿನ ತಡೆಯಲಾರದೆ ಒಂದು ಪಾತ್ರೆ ಪಿರೋಹಿ, ಎಂದರೆ ಹೂರಣ ತುಂಬಿದ ನಮ್ಮ ಕಡುಬು, ಹಿಡಿದು ನತಾಲ್ಕಾಳ ಮನೆಗೆ ಹೋದೆ. ಬಾಗಿಲು ತಟ್ಟಿದೆ. ತೆರೆಯಲಿಲ್ಲ.

“ಯಾರು?” ಒಳಗಿನಿಂದ ದಾರ್ಯಾ.

“ನಾನು. ಪಿರೋಹಿ ತಂದಿದೀನಿ.”

“ಮೆಟ್ಟಿಲ ಮೇಲಿಟ್ಟು ಹೋಗು.”

“ಬಾಬಾ ಹೇಗಿದಾರೆ?”

“ದಿನವೆಲ್ಲ ಮಗು ಮಡಿಲಲ್ಲೇ ಇರುತ್ತೆ. ಊಟ ಬಿಟ್ಟಿದಾರೆ.” ದನಿ ಬಾಗಿಲಿಗೆ ಹತ್ತಿರವಾಯಿತು. “ನಿನ್ನ ಕೇಳಿದ್ರು. ಅವನಿಗೆ ಬಿಸಿನೀರು ಯಾರು ಕೊಡ್ತಾರೆ ಅಂತ.”

ಕಿಟಕಿಯ ಗಾಜಿಗೆ ಹಿಮ ಕಟ್ಟಿ ಒಳಗೇನೂ ಕಾಣುತ್ತಿರಲಿಲ್ಲ. ಬಾಬಾ ಕೂಸಿನೊಡನೆ ಏನೋ ಮಾತಾಡುತ್ತಿರುವುದು ಮಾತ್ರ ಕೇಳುತ್ತಿತ್ತು. ಅಲ್ಲೇ ನಿಂತುಕೊಂಡೆ. ಹೊಟ್ಟೆಕಿಚ್ಚಾಯಿತು, ಸಂತೋಷವಾಯಿತು, ಅಳುವೂ ಬಂತು. ಆ ಚಳಿಯಲ್ಲಿ ಮೂರನ್ನೂ ಒಟ್ಟಿಗೆ ತಾಳುವುದು ಕಷ್ಟ. ಮನೆಗೆ ವಾಪಸು ಬಂದೆ.

ಐದನೆಯ ದಿನದ ಮಧ್ಯಾಹ್ನ ಬಾಬಾ ತೀರಿಕೊಂಡರು. ಕೆಮ್ಮಲ್ಲ, ಜ್ವರವಲ್ಲ, ಹೃದಯವೇ ಸಾಕು ಎಂದಿತು. ನತಾಲ್ಕಾ ಹಾಲು ಕುಡಿಸಲೆಂದು ಮಗುವನ್ನು ಅವರ ಮಡಿಲಿನಿಂದ ಎತ್ತಿಕೊಂಡು ಹೋಗಿ ಬರುವಷ್ಟರಲ್ಲಿ ಮುಗಿದಿತ್ತಂತೆ. ನನಗೆ ಬಾಗಿಲು ತೆರೆದದ್ದು ಮರುದಿನ ಬೆಳಿಗ್ಗೆ. ಒಂದೇ ಒಂದು ದಿನ ತಡ. ಬಿಟ್ಟಲ್ಲಿಂದ ಮುಂದುವರಿಸಲು ಅಲ್ಲಿ ಏನೂ ಉಳಿದಿರಲಿಲ್ಲ.

ಮಣ್ಣಾದ ಮೇಲೆ ಚರ್ಚಿನ ಕೆಳಗಿನ ಸಭಾಂಗಣದಲ್ಲಿ ಊಟ. ಬಾಬಾರ ಗೆಳತಿಯರೆಲ್ಲ ತಲೆವಸ್ತ್ರ ಕಟ್ಟಿಕೊಂಡು ಬಂದಿದ್ದರು. ಯಾರು ಹೇಳಿದ್ದರೋ ಏನೋ, ಒಬ್ಬೊಬ್ಬರೇ ಬಂದು ನನ್ನ ಕೆನ್ನೆ ಸವರತೊಡಗಿದರು. “ನಿನ್ನಂಥ ಅಳಿಯ ಯಾರಿಗಿದಾನಪ್ಪ! ಕೊನೇ ದಿನ ಮಗು ಜೊತೆ ಕಳೀಲಿ ಅಂತ ಅತ್ತೇನ ಅಲ್ಲಿಗೆ ಕಳಿಸಿ, ನೀನು ಒಬ್ಬನೇ ಬಾಗಿಲು ಹಾಕ್ಕೊಂಡು ಕೂತ್ಯಂತೆ!” ಪಾದ್ರಿಗಳೂ ಎಲ್ಲರೆದುರು ಎದ್ದು ನಿಂತು ನನ್ನ ತ್ಯಾಗವನ್ನು ಹೊಗಳಿದರು. “ಇಲ್ಲ, ಅದು ಹಾಗಲ್ಲ, ನಾನು...” ಎಂದು ಎದ್ದೆ. ದಾರ್ಯಾ ಮೇಜಿನ ಕೆಳಗೆ ತೊಡೆ ಹಿಂಡಿದಳು.

“ಕೂತ್ಕೋ. ಸತ್ತವರ ಊಟದಲ್ಲಿ ನಿಜ ಹೇಳಬಾರದು.”

ಆಗ ನತಾಲ್ಕಾ ಬಂದು, ಏನೂ ಹೇಳದೆ ಮಾರ್ಕಿಯನ್‌ನನ್ನು ನನ್ನ ಕೈಗಿಟ್ಟಳು. ಹುಟ್ಟಿದ ಮೇಲೆ ಇಡೀ ಬಳಗ, ಪಾದ್ರಿಗಳು, ಅಡುಗೆಯವರು ಎಲ್ಲ ಎತ್ತಿಕೊಂಡಾದ ಮೇಲೆ ನನ್ನ ಸರದಿ. ಇಷ್ಟು ಹಗುರವೇ? ಹಾಲು ವಾಸನೆ. ಕಣ್ಣು ಬಿಟ್ಟು ನನ್ನ ಗದ್ದವನ್ನೇ ನೋಡಿದ. ಇವನನ್ನು ಹೀಗೆ ಹಿಡಿದುಕೊಂಡಾದ ಮೇಲೆಯೇ ಬಾಬಾ ಹೋದರಲ್ಲ, ನನ್ನ ಸರಿಯಾದ ಹೂಂ ಕಾಯದೆ ಹೋದರಲ್ಲ, ಸದ್ಯ ಕಾಯಲಿಲ್ಲವಲ್ಲ ಎನಿಸಿತು. ಅಷ್ಟು ಜನರೆದುರು, ಅಷ್ಟು ವಯಸ್ಸಾದವನು, ಗೊಳೋ ಎಂದು ಅತ್ತುಬಿಟ್ಟೆ. ದಾರ್ಯಾ ಮೂಗು ಏರಿಸುತ್ತ ತನ್ನ ಕರವಸ್ತ್ರದಿಂದ ಮೊದಲು ನನ್ನ ಕಣ್ಣು ಒರೆಸಿದಳು, ಆಮೇಲೆ ಅದೇ ಕರವಸ್ತ್ರವನ್ನು ನನ್ನ ಬಾಯಿಗೆ ಒತ್ತಿ ಹಿಡಿದಳು.

“ಅಳು, ಪರವಾಗಿಲ್ಲ,” ಎಂದಳು. “ಆದ್ರೆ ಮುಖ ಆ ಕಡೆ ತಿರುಗಿಸ್ಕೊಂಡು ಅಳು.”